ಮನೆಯಲ್ಲೇ ಟಿಯರ್‌ಡ್ರಾಪ್ ಟ್ರೇಲರ್ ಕಟ್ಟುವವರಿಗೆ: ಮೊದಲು ನೆಲದ ಕೆಳಗೆ ನೋಡಿ

ಟಿಯರ್‌ಡ್ರಾಪ್ ಗೊತ್ತಲ್ವಾ? ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಕ್ಯಾಂಪಿಂಗ್ ಟ್ರೇಲರ್. ಮುಂದೆ ಗುಂಡಗೆ, ಹಿಂದಕ್ಕೆ ಇಳಿಜಾರು. ಒಳಗೆ ಇಬ್ಬರು ಮಲಗುವಷ್ಟು ಜಾಗ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆ ಕಟ್ಟೆ. ಅಮೆರಿಕದಲ್ಲಿ 1930ರ ದಶಕದಿಂದಲೂ ಜನ ಇದನ್ನು ಮನೆಯಲ್ಲೇ ಕಟ್ಟುತ್ತಾ ಬಂದಿದ್ದಾರೆ, ಈಗ ಇಲ್ಲಿರುವ ನಮ್ಮ ಕನ್ನಡದವರಿಗೂ ಈ ಹುಚ್ಚು ಹಿಡಿದಿದೆ. ಕೇಳುವ ಮೊದಲ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: ಒಳಗೆ ಯಾವ ಫ್ಲೋರಿಂಗ್ ಹಾಕಲಿ? ಮರದ ಡಿಸೈನ್ ಇರೋದು ಚೆನ್ನಾಗಿ ಕಾಣುತ್ತಾ?

ಒಂದು ವಿಷಯ ಯೋಚಿಸಿ. ಈ ಟ್ರೇಲರ್ ಒಳಗೆ ಎತ್ತರ ಇರುವುದೇ ಸುಮಾರು 4 ಅಡಿ. ಯಾರೂ ನಿಲ್ಲುವುದಿಲ್ಲ, ನಡೆಯುವುದಿಲ್ಲ. ನೆಲದ ಮೇಲೆ ಹಾಸಿಗೆ, ಹಾಸಿಗೆ ಮೇಲೆ ನೀವು. ಅಷ್ಟೇ. ಕಣ್ಣಿಗೆ ಕಾಣುವ ನೆಲ ಬಾಗಿಲ ಹತ್ತಿರ ಒಂದು ಗೇಣು ಇರಬಹುದು. ಹಾಗಾಗಿ ಮನೆಯ ಹಾಲ್‌ಗೆ ಆರಿಸುವ ಹಾಗೆ ಇಲ್ಲಿ ಆರಿಸಬೇಡಿ. ಈ ನೆಲಕ್ಕೆ ಶತ್ರುಗಳು ಇಬ್ಬರು: ಕೆಳಗಿನಿಂದ ರಸ್ತೆಯ ನೀರು, ಮೇಲಿನಿಂದ ನಿಮ್ಮದೇ ಉಸಿರಿನ ತೇವ. ಜೊತೆಗೆ ತೂಕದ ಲೆಕ್ಕ ಬೇರೆ.

ತೂಕವನ್ನೇ ಮೊದಲು ಮುಗಿಸೋಣ. ಹೆಚ್ಚಿನವರು ಶುರು ಮಾಡುವುದು ಹಾರ್ಬರ್ ಫ್ರೈಟ್ ಅಂಗಡಿಯ 4×8 ಅಡಿ ಮಡಿಸುವ ಟ್ರೇಲರ್ ಕಿಟ್‌ನಿಂದ. ಅದು 1,720 ಪೌಂಡ್ ಹೊರುತ್ತದೆ, ಅಂದರೆ ಸುಮಾರು 780 ಕೆಜಿ. ಪ್ಲೈವುಡ್ ಹಾಳೆಯೂ 4×8 ಅಡಿಯದ್ದೇ, ಹಾಗಾಗಿ ಕತ್ತರಿಸುವ ಕೆಲಸ ಕಡಿಮೆ. ಕಿಟ್ ಜೊತೆ ತಯಾರಕರ ಮೂಲ ಪತ್ರ (ಸರ್ಟಿಫಿಕೇಟ್ ಆಫ್ ಒರಿಜಿನ್) ಸಿಗುತ್ತದೆ, ಅದನ್ನು ಜೋಪಾನವಾಗಿಡಿ, ನೋಂದಣಿಗೆ ಹೋದಾಗ ಬೇಕಾಗುತ್ತದೆ. ಆದರೆ ಟ್ರೇಲರ್ ಎಷ್ಟು ಹೊರುತ್ತದೆ ಅನ್ನುವುದಕ್ಕಿಂತ ನಿಮ್ಮ ಕಾರು ಎಷ್ಟು ಎಳೆಯುತ್ತದೆ ಅನ್ನುವುದು ಮುಖ್ಯ. ಹೋಂಡಾ ಸಿಆರ್‌-ವಿ ಪೆಟ್ರೋಲ್ ಗಾಡಿಗೆ ಇಲ್ಲಿ 1,500 ಪೌಂಡ್ ಮಿತಿ. ಕೆಲವು ಸಣ್ಣ ಕಾರುಗಳಲ್ಲಿ ಎಳೆಯಲೇಬೇಡಿ ಅಂತ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತದೆ. ಮೊದಲು ಅದನ್ನು ಓದಿ, ಆಮೇಲೆ ಗರಗಸ ಹಿಡಿಯಿರಿ. ಟ್ರೇಲರ್‌ನ ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಕಾರಿನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆ ಬಿದ್ದರೆ ಹೈವೇಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಅದು ತಮಾಷೆ ಅಲ್ಲ. ಅಡುಗೆ ಸಾಮಾನು, ನೀರಿನ ಕ್ಯಾನ್ ಎಲ್ಲಾ ಹಿಂದೆ ಇರುವುದರಿಂದ ಬ್ಯಾಟರಿಯನ್ನು ಮುಂದೆ ಇಡುವುದು ವಾಸಿ.

ಈಗ ನೆಲ. ಮುಕ್ಕಾಲು ಇಂಚಿನ ಒಂದೇ ಪ್ಲೈ ಹಾಳೆ ಹಾಕಿ ಮುಗಿಸುವವರಿದ್ದಾರೆ. ತಪ್ಪೇನಿಲ್ಲ, ಬೇಸಿಗೆಯಲ್ಲಿ ಮಾತ್ರ ಹೋಗುವವರಿಗೆ ಅದೇ ಸಾಕು. ಅದರ ತೂಕ 30 ಕೆಜಿ ಆಸುಪಾಸು. ಚಳಿಯಲ್ಲೂ ಹೋಗುವವರು ಸ್ಯಾಂಡ್‌ವಿಚ್ ನೆಲ ಮಾಡಿ. ಕೆಳಗೆ ಕಾಲು ಇಂಚಿನ ಪ್ಲೈ, ಅದರ ಮೇಲೆ 2×2 ಮರದ ಪಟ್ಟಿಗಳ ಚೌಕಟ್ಟು, ನಡುವಿನ ಖಾನೆಗಳಲ್ಲಿ ಗುಲಾಬಿ ಅಥವಾ ನೀಲಿ ಬಣ್ಣದ ಗಟ್ಟಿ ಫೋಮ್ ಶೀಟ್, ಮೇಲೆ ಅರ್ಧ ಇಂಚಿನ ಪ್ಲೈ. ಇಲ್ಲಿನ ಅಂಗಡಿಯಲ್ಲಿ 2×2 ಅಂತ ಕೊಡುವ ಪಟ್ಟಿ ಅಳತೆ ಮಾಡಿದರೆ ಒಂದೂವರೆ ಇಂಚೇ ಇರುತ್ತದೆ, ಹಾಗಾಗಿ ಒಂದೂವರೆ ಇಂಚಿನ ಫೋಮ್ ಸರಿಯಾಗಿ ಕೂರುತ್ತದೆ. ಚಾಸಿಯ, ಅಂದರೆ ಟ್ರೇಲರ್‌ನ ಕೆಳಗಿನ ಚೌಕಟ್ಟಿನ, ಕಬ್ಬಿಣದ ಅಡ್ಡಪಟ್ಟಿಗಳು ಎಲ್ಲೆಲ್ಲಿ ಬರುತ್ತವೋ ಅಲ್ಲಲ್ಲೇ ಮರದ ಪಟ್ಟಿಯೂ ಬರುವಂತೆ ಚೌಕಟ್ಟು ಹಾಕಿ. ಬೋಲ್ಟು ಹಾಕುವಾಗ ಫೋಮ್ ಮೇಲೆ ಬಿಗಿದರೆ ನೆಲ ಹೊಂಡ ಬೀಳುತ್ತದೆ.

ಪ್ಲೈ ಯಾವುದು? ಊರಲ್ಲಿ ಮನೆ ಮಾಡಿಸಿದವರಿಗೆ ನೀರು ತಡೆಯುವ ಬಿಡಬ್ಲ್ಯೂಪಿ ಪ್ಲೈ, ಮರೀನ್ ಪ್ಲೈ ಗೊತ್ತಿರುತ್ತದೆ, ಅಡುಗೆಮನೆಗೆ ಅದನ್ನೇ ಹಾಕಿ ಅಂತ ಬಡಗಿ ಹಟ ಹಿಡಿದಿರುತ್ತಾನೆ. ಇಲ್ಲಿ ಮರೀನ್ ಪ್ಲೈ ದುಬಾರಿ. ಹೊರಗಿನ ಬಳಕೆಗೆ ಅಂತ ಮುದ್ರೆ ಇರುವ ಸಾಮಾನ್ಯ ಪ್ಲೈ ಚೆನ್ನಾಗಿ ಬಣ್ಣ ಬಳಿದರೆ ಸಾಕು. ಅಗ್ಗಕ್ಕೆ ಸಿಗುವ ಸಿಡಿಎಕ್ಸ್ ಪ್ಲೈನಲ್ಲಿ ಎಕ್ಸ್ ಇದೆ, ಹೊರಗಡೆಗೆ ಆಗುತ್ತೆ ಅಂದುಕೊಳ್ಳಬೇಡಿ. ಅದರ ಅಂಟು ನೀರು ತಡೆಯುತ್ತದೆ, ಆದರೆ ಕಟ್ಟಡ ಕಟ್ಟುವಾಗ ಸ್ವಲ್ಪ ದಿನ ಮಳೆ ತಾಗಿದರೆ ಪರವಾಗಿಲ್ಲ ಅನ್ನುವಷ್ಟೇ ಆ ದರ್ಜೆಯ ಅರ್ಥ. ಒಳಪದರಗಳಲ್ಲಿ ತೂತು, ಗಂಟು ಜಾಸ್ತಿ. ಮರದ ಚಕ್ಕೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಓಎಸ್‌ಬಿ ಹಲಗೆ ಬೇಡವೇ ಬೇಡ, ಅಂಚಿಗೆ ನೀರು ತಾಗಿದರೆ ಊದಿಕೊಳ್ಳುತ್ತದೆ, ಮತ್ತೆ ಇಳಿಯುವುದಿಲ್ಲ. ಗೆದ್ದಲು ಹಿಡಿಯದ ಹಾಗೆ ಔಷಧಿ ಹೊಡೆದ ಹಸಿರು ಛಾಯೆಯ ಪ್ಲೈ ಹಾಕೋಣ ಅಂತ ಕೆಲವರಿಗೆ ಅನ್ನಿಸುತ್ತದೆ. ಅದು ತೇವ ತುಂಬಿಕೊಂಡು ಭಾರವಾಗಿರುತ್ತದೆ, ಒಣಗುವಾಗ ಸೊಟ್ಟಗಾಗುತ್ತದೆ, ಅದರಲ್ಲಿರುವ ತಾಮ್ರ ಸಾದಾ ಸ್ಕ್ರೂ ಮತ್ತು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಟ್ರೇಲರ್‌ನ ಹೊರ ಹೊದಿಕೆಯೇ ಅಲ್ಯೂಮಿನಿಯಂ ಆಗಿರುವಾಗ ಇದೆಲ್ಲಾ ಯಾಕೆ?

ಅಡಿಭಾಗಕ್ಕೆ ಬಳಿಯುವ ಕೆಲಸವನ್ನು ಅವಸರದಲ್ಲಿ ಮಾಡಬೇಡಿ. ಇಡೀ ಟ್ರೇಲರ್‌ನ ಆಯಸ್ಸು ಇರುವುದು ಇಲ್ಲಿ. ಹಾಳೆಯನ್ನು ಬೋರಲು ಹಾಕಿ, ನೀರಿನಲ್ಲಿ ಕಲಸಿದ ಡಾಂಬರಿನ ಕೋಟಿಂಗ್ ಸಿಗುತ್ತದಲ್ಲ, ತಳಪಾಯದ ಗೋಡೆಗೆ ಬಳಿಯುವುದು, ಅದನ್ನು ಎರಡು ಕೋಟ್ ಹೊಡೆಯಿರಿ. ಸಾಲ್ವೆಂಟ್ (ಥಿನ್ನರ್ ತರದ ದ್ರವ) ಇರುವ ಡಾಂಬರು ತರಬೇಡಿ, ಫೋಮ್‌ಗೆ ತಾಗಿದರೆ ಅದನ್ನು ಕರಗಿಸಿಬಿಡುತ್ತದೆ. ಪ್ಲೈ ನೀರು ಕುಡಿಯುವುದು ಮುಖಕ್ಕಿಂತ ಅಂಚಿನಿಂದಲೇ ಜಾಸ್ತಿ. ಅದಕ್ಕೇ ಅಂಚಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಳಿಯಿರಿ. ಮೊದಲ ಕೋಟನ್ನು ಮರ ಹೀರಿಕೊಳ್ಳುತ್ತದೆ, ಮೇಲೊಂದು ಕೊಡಿ. ಬೋಲ್ಟಿಗೆ ಕೊರೆದ ತೂತಿನ ಒಳಗೋಡೆಗೂ ಒಂದು ಚಿಕ್ಕ ಬ್ರಶ್ ಹಾಕಿ ಬಳಿಯಿರಿ, ಅದನ್ನು ಬಹಳ ಜನ ಮರೆಯುತ್ತಾರೆ. ಆಮೇಲೆ ಬೋಲ್ಟಿನ ತಲೆಯ ಕೆಳಗೆ ಸಿಕಾಫ್ಲೆಕ್ಸ್ ತರದ ಸೀಲೆಂಟ್ ಇಟ್ಟು ಬಿಗಿಯಿರಿ. ಬೋಲ್ಟಿನ ತಲೆ ಮೇಲೆ ಎದ್ದು ನಿಲ್ಲಬಾರದು, ಇಲ್ಲದಿದ್ದರೆ ಬೆನ್ನಿಗೆ ಗೊತ್ತಾಗುತ್ತದೆ. ಗೋಡೆ ಹಾಳೆ ನೆಲದ ಅಂಚನ್ನು ಮುಚ್ಚಿಕೊಂಡು ಕೆಳಗೆ ಸ್ವಲ್ಪ ಇಳಿಯುವಂತಿರಲಿ, ಮಳೆ ನೀರು ಸಂದಿಗೆ ಹೋಗದೆ ಹಾಗೇ ತೊಟ್ಟಿಕ್ಕುತ್ತದೆ. ಎಣ್ಣೆ ಆಧಾರದ ವಾರ್ನಿಷ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಗ್ಯಾರೇಜ್ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

ಇಷ್ಟಾದ ಮೇಲೆ, ಮೇಲಿನ ಹೊದಿಕೆ.

ನನ್ನ ಆಯ್ಕೆ ಉರುಳೆಯಲ್ಲಿ ಬರುವ ವಿನೈಲ್ ಶೀಟ್. 4×8 ಅಡಿಗೆ ಒಂದೇ ತುಂಡು, ಜೋಡಣೆಯೇ ಇಲ್ಲ, ನೀರು ಇಳಿಯಲು ದಾರಿಯೂ ಇಲ್ಲ. ಹಗುರ, ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ದೊಡ್ಡ ಅಂಗಡಿಗಳಲ್ಲಿ ಉರುಳೆಯ ಕೊನೆಯ ತುಂಡುಗಳನ್ನು ಕಡಿಮೆ ಬೆಲೆಗೆ ಕೊಡುತ್ತಾರೆ, ನಮಗೆ ಬೇಕಾಗಿರುವುದೂ ಅಷ್ಟೇ. ಈಗ ಎಲ್ಲರ ಮನೆಯಲ್ಲೂ ಇರುವ ಕ್ಲಿಕ್ ಆಗುವ ವಿನೈಲ್ ಹಲಗೆ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಬಿಸಿಲಲ್ಲಿ ನಿಂತ ಮುಚ್ಚಿದ ಟ್ರೇಲರ್ ಒಳಗೆ ವಿಪರೀತ ಕಾವು, ರಾತ್ರಿ ಬೆಟ್ಟದ ಮೇಲೆ ಕೊರೆಯುವ ಚಳಿ. ಹಲಗೆ ಹಿಗ್ಗುತ್ತದೆ, ಕುಗ್ಗುತ್ತದೆ, ಅದಕ್ಕೆ ಸುತ್ತ ಕಾಲು ಇಂಚು ಜಾಗ ಬಿಡಬೇಕು, ಅದರ ಮೇಲೆ ಕಪಾಟು ತಂದು ಸ್ಕ್ರೂ ಹೊಡೆದರೆ ಅಲ್ಲಿಗೆ ಸಿಕ್ಕಿಕೊಂಡು ಇನ್ನೊಂದು ಕಡೆ ಉಬ್ಬುತ್ತದೆ. ಭಾರವೂ ಜಾಸ್ತಿ. ನಿಂತು ಓಡಾಡುವಷ್ಟು ಎತ್ತರದ ಟ್ರೇಲರ್ ಆಗಿದ್ದರೆ ಆ ಮಾತು ಬೇರೆ. ಲ್ಯಾಮಿನೇಟ್ ಹಲಗೆಯ ಹೊಟ್ಟೆಯೊಳಗೆ ಮರದ ಪುಡಿಯನ್ನು ಒತ್ತಿ ಮಾಡಿದ ಬೋರ್ಡ್ ಇರುತ್ತದೆ, ನೀರು ಕಂಡರೆ ಅದು ಮುಗಿಯಿತು. ಹಿಂದೆ ಅಂಟು ಇರುವ ಸ್ಟಿಕ್ಕರ್ ಟೈಲ್ಸ್ ಕಾವಿಗೆ ಅಂಟು ಬಿಟ್ಟು ಮೂಲೆ ಎದ್ದೇಳುತ್ತವೆ. ಕಾರ್ಪೆಟ್ ಬೆಚ್ಚಗಿರುತ್ತದೆ, ಆದರೆ ಒದ್ದೆ ಶೂ, ಒದ್ದೆ ನಾಯಿ, ಚೆಲ್ಲಿದ ಕಾಫಿ, ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಕಾರ್ಕ್ ನಿಜಕ್ಕೂ ಒಳ್ಳೆಯದು, ಮೆತ್ತಗೆ, ಬೆಚ್ಚಗೆ. ದುಡ್ಡಿದ್ದರೆ ಹಾಕಿ, ಮೇಲೆ ಪಾಲಿಯುರೆಥೇನ್ ಬಳಿಯಿರಿ. ಏನೂ ಬೇಡ ಅನ್ನುವವರು ವರಾಂಡಕ್ಕೆ ಹೊಡೆಯುವ ಫ್ಲೋರ್ ಪೇಂಟ್ ಬಳಿದು ಬಿಟ್ಟರೂ ನಡೆಯುತ್ತದೆ. ಎಲ್ಲಕ್ಕಿಂತ ಹಗುರ ಅದೇ.

ಮಕ್ಕಳ ಆಟದ ರೂಮಿನ ಫೋಮ್ ಚೌಕಗಳನ್ನು ಹಾಕಬಹುದಾ? ಹಾಕಿ, ಆದರೆ ಪ್ರತಿ ಸಲ ಬಂದ ಮೇಲೆ ಎತ್ತಿ ಒಣಗಿಸಿ. ಯಾಕೆಂದರೆ ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದ ಅರ್ಧ ಲೀಟರಿಗಿಂತ ಜಾಸ್ತಿ ನೀರು ಗಾಳಿಗೆ ಸೇರುತ್ತದೆ. ಆ ತೇವ ಅತಿ ತಣ್ಣಗಿರುವ ಜಾಗ ಹುಡುಕುತ್ತದೆ, ಅದು ಹಾಸಿಗೆಯ ಅಡಿ. ಫೋಮ್ ಹಾಸಿಗೆಯನ್ನು ನೇರವಾಗಿ ನೆಲದ ಮೇಲೆ ಹಾಕಿದರೆ ಕೆಲವೇ ವಾರಗಳಲ್ಲಿ ಕೆಳಗೆ ಬೂಷ್ಟು ಕಾಣಬಹುದು. ಹಾಗಾಗಿ ಹಾಸಿಗೆಯ ಕೆಳಗೆ ತೆಳು ಮರದ ಪಟ್ಟಿಗಳನ್ನೋ, ದೋಣಿಗಳಲ್ಲಿ ಹಾಸಿಗೆ ಅಡಿಗೆ ಹಾಕುವ ಗಾಳಿಯಾಡುವ ಜಾಲರಿಯನ್ನೋ ಇಡಿ. ಮೇಲೆ ಫ್ಯಾನ್ ಬೇಕೇ ಬೇಕು. ಇಲ್ಲಿನ ರೂಫ್ ಫ್ಯಾನ್‌ಗಳು 14 ಇಂಚು ಚೌಕದ ತೂತಿಗೆ ಕೂರುತ್ತವೆ, ಚಾವಣಿ ಕಟ್ಟುವಾಗಲೇ ಜಾಗ ಬಿಟ್ಟುಕೊಳ್ಳಿ. ಚಳಿ ಅಂತ ಕಿಟಕಿ ಪೂರ್ತಿ ಮುಚ್ಚಬೇಡಿ. ಒಲೆಯನ್ನು ಒಳಗೆ ಹಚ್ಚುವ ಮಾತೇ ಬೇಡ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇರಲಿ.

ವಿನೈಲನ್ನು ಗೋಡೆ ಏಳುವ ಮೊದಲು ಹಾಸುವುದು ಸುಲಭ, ಸುತ್ತಲೂ ಓಡಾಡಿಕೊಂಡು ಕತ್ತರಿಸಬಹುದು. ಆದರೂ ನಾನು ಗೋಡೆ, ಕಪಾಟು ಎಲ್ಲಾ ಆದ ಮೇಲೆ ಹಾಸಿ ಅಂತಲೇ ಹೇಳುತ್ತೇನೆ, ಆಗ ಬೇಕಾದಾಗ ಎತ್ತಿ ಕೆಳಗೆ ನೋಡಬಹುದು. ಮೊದಲು ದಪ್ಪ ಕಾಗದದಲ್ಲಿ ನಕ್ಷೆ ತೆಗೆದು ಕತ್ತರಿಸಿ. ಅಂಟು ಹಚ್ಚಬೇಡಿ, ಸುಮ್ನೆ ಹಾಸಿ ಅಂಚಿಗೆ ಮರದ ಬೀಡಿಂಗ್ ಕೊಟ್ಟು ಸ್ಕ್ರೂ ಹಾಕಿ. ಜೋರು ಮಳೆಯಲ್ಲಿ ಓಡಿಸಿ ಬಂದ ಮೇಲೆ ಬೀಡಿಂಗ್ ಬಿಚ್ಚಿ, ಚಕ್ರದ ಪಕ್ಕದ ಮೂಲೆಗಳನ್ನು ಎತ್ತಿ ಪ್ಲೈ ಮುಟ್ಟಿ ನೋಡಿ. ಒದ್ದೆಯಿದ್ದರೆ ಅದರ ನೇರಕ್ಕೆ ಕೆಳಗಿರುವ ಬೋಲ್ಟಿನ ಸೀಲೆಂಟನ್ನು ಮೊದಲು ಪರೀಕ್ಷಿಸಿ.