ಗುರಿ ಕಲಿಯಲು .22 ಸಾಕು: ಅಮೆರಿಕಕ್ಕೆ ಬಂದ ಹೊಸಬರಿಗೆ

ಸಣ್ಣ ಗುಂಡಿನ .22 ಪಿಸ್ತೂಲಿನ ಮಾತಿಗೆ ಮೊದಲು ವೀಸಾದ ಮಾತು. ನೀವು ಎಚ್‌1ಬಿ, ಎಲ್‌1, ಎಫ್‌1, ಎಚ್‌4 ಅಥವಾ ಪ್ರವಾಸಿ ವೀಸಾದ ಮೇಲೆ ಇಲ್ಲಿದ್ದರೆ, ಪಿಸ್ತೂಲು ಕೊಳ್ಳುವುದಿರಲಿ, ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಬಾಡಿಗೆಗೆ ಪಡೆದು ಒಂದು ಈಡು ಹೊಡೆಯುವುದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ತೋಟೆ ಇಟ್ಟುಕೊಳ್ಳುವುದಕ್ಕೂ ಇದೇ ನಿಯಮ. ಶಿಕ್ಷೆ 15 ವರ್ಷದವರೆಗೂ ಆಗಬಹುದು. ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು ಎಂದು ಗೆಳೆಯರು ಹೇಳುತ್ತಾರೆ. ಉಂಟು ನಿಜ, ಆದರೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಂಡು ಹೊರಡಬೇಡಿ.

ನನಗೆ ಇದನ್ನು ಯಾರೂ ಹೇಳಲಿಲ್ಲ. ಟೆಕ್ಸಾಸಿಗೆ ಬಂದ ಎರಡನೇ ವರ್ಷ ಸಹೋದ್ಯೋಗಿಯೊಬ್ಬರು ಶನಿವಾರ ರೇಂಜಿಗೆ ಕರೆದರು. ಕೌಂಟರಿನಲ್ಲಿ ಕೊಟ್ಟ ಕಾಗದವನ್ನು ಓದದೆ ಸಹಿ ಹಾಕಿ ಐದು ಈಡು ಹೊಡೆದು ಬಂದೆ. ಅದು ಎಂಥ ತಪ್ಪು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಗ್ರೀನ್ ಕಾರ್ಡ್ ಅರ್ಜಿ ಹಿಡಿದು ವಕೀಲರ ಎದುರು ಕುಳಿತಾಗ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಐದು ಈಡಿಗಾಗಿ ಹೆಂಡತಿಯ ಬದುಕನ್ನೂ ತೊಟ್ಟಿಲ ಮಗುವಿನ ನಾಳೆಯನ್ನೂ ಪಣಕ್ಕೆ ಇಟ್ಟಿದ್ದೆನಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ಊರಿಂದ ಆರು ತಿಂಗಳಿಗೆ ಬರುವ ಅಪ್ಪ, ಮಾವ, ತಮ್ಮನನ್ನು ಖುಷಿಪಡಿಸಲು ರೇಂಜಿಗೆ ಕರೆದೊಯ್ದು ಕೈಗೆ ಪಿಸ್ತೂಲು ಕೊಡುವವರನ್ನು ಈಗಲೂ ಕಾಣುತ್ತೇನೆ. ದಯವಿಟ್ಟು ಬೇಡ. ತಿಳಿದೂ ಕೊಟ್ಟರೆ ಕೊಟ್ಟವರದ್ದೂ ಅಪರಾಧವೇ.

ಗ್ರೀನ್ ಕಾರ್ಡ್ ಬಂದ ಮೇಲೆ ಕಾಗದದ ಕೆಲಸ ದೊಡ್ಡದಲ್ಲ. ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, 4473 ಎಂಬ ಅರ್ಜಿ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ಕೆಲವು ರಾಜ್ಯಗಳಲ್ಲಿ ಬೇರೆ ಪರವಾನಗಿಯೂ ಬೇಕು, ನಿಮ್ಮ ರಾಜ್ಯದ್ದನ್ನು ನೋಡಿಕೊಳ್ಳಿ.

ನನ್ನ ಎರಡನೇ ತಪ್ಪು ಮಲೆನಾಡಿನ ಹಮ್ಮಿನದು. ನಮ್ಮ ಮನೆಯಲ್ಲಿ ಜೋಡಿ ನಳಿಗೆಯ ಕೋವಿ ಇತ್ತು. ಅಡಿಕೆ ತೋಟಕ್ಕೆ, ಗದ್ದೆಗೆ ಹಂದಿ ಬಂದರೆ ಅಪ್ಪಯ್ಯ ಎದ್ದು ಹೋಗುತ್ತಿದ್ದರು. ಆ ಸದ್ದು ಕೇಳಿ ಬೆಳೆದ ನನಗೆ .22 ಮಕ್ಕಳಾಟಿಕೆಯಂತೆ ಕಂಡಿತು. ಹಾಗಾಗಿ ಮೊದಲೇ ಅದಕ್ಕಿಂತ ದೊಡ್ಡ ಗುಂಡಿನ 9 ಎಂಎಂ ಪಿಸ್ತೂಲು ಕೊಂಡೆ. ಒಂದು ವರ್ಷ ಹಣ ಸುರಿದರೂ ಗುಂಡುಗಳು ಗುರಿಯ ಕಾಗದದ ಕೆಳ ಅಂಚು ಬಿಟ್ಟು ಮೇಲೇರಲಿಲ್ಲ. ಕೊನೆಗೆ ಒಬ್ಬ ಹಿರಿಯ ತರಬೇತುದಾರರು ನನಗೆ ಹೇಳದೆ, ತೋಟೆ ತುಂಬುವ ಮ್ಯಾಗಜೀನಿನ ನಡುವೆ ಒಂದು ಪೊಳ್ಳು ತೋಟೆ ಸೇರಿಸಿದರು. ಟ್ರಿಗರ್ ಒತ್ತಿದೆ, ‘ಟಕ್’ ಎಂದಿತು, ಗುಂಡು ಹಾರಲಿಲ್ಲ. ಆದರೆ ನಳಿಗೆಯ ತುದಿ ಹೆಬ್ಬೆರಳಿನ ಅಗಲದಷ್ಟು ಕೆಳಕ್ಕೆ ಬಾಗಿತು. ಸದ್ದು ಮತ್ತು ಒದೆತವನ್ನು ನೆನೆದು ಕೈ ತಾನಾಗಿ ಬೆದರುತ್ತಿತ್ತು. ದುಡ್ಡು ಕೊಟ್ಟು ಒಂದು ವರ್ಷ ನಾನು ಕಲಿತದ್ದು ಆ ಬೆದರಿಕೆಯನ್ನೇ.

ಅದನ್ನು ಬಿಡಿಸಿದ್ದು, ಹೆಸರಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಆಗುವ .22 ಲಾಂಗ್ ರೈಫಲ್ ತೋಟೆ. 1887ರಿಂದ ಬಳಕೆಯಲ್ಲಿರುವ ಈ ತೋಟೆಯ ಗುಂಡು ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು ಎರಡೂವರೆ ಗ್ರಾಂ. ಒದೆತ ಇಲ್ಲವೆನ್ನುವಷ್ಟು ಕಡಿಮೆ, ಬೆಲೆ 9 ಎಂಎಂನ ಮೂರನೇ ಒಂದು ಪಾಲಿನ ಆಸುಪಾಸು. ಅದೇ ಹಣಕ್ಕೆ ಮೂರು ಪಟ್ಟು ಅಭ್ಯಾಸ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆ ನಡೆಯುವುದೂ ಇದೇ ತೋಟೆಯಲ್ಲಿ. ಆಟಿಕೆ ಅಲ್ಲವೇ ಅಲ್ಲ: ಈ ಗುಂಡು ಒಂದೂವರೆ ಮೈಲಿ ಹೋಗಬಲ್ಲದು ಎಂಬ ಎಚ್ಚರಿಕೆ ತೋಟೆಯ ಪೆಟ್ಟಿಗೆಯ ಮೇಲೆಯೇ ಇರುತ್ತದೆ.

ಯಾವುದನ್ನು ಕೊಳ್ಳಬೇಕು? ಕಾಗದದ ಗುರಿಯೇ ಉದ್ದೇಶವಾದರೆ ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಆ್ಯಂಡ್ ವೆಸ್ಸನ್ ವಿಕ್ಟರಿ, ಈ ಮೂರರಲ್ಲಿ ಒಂದು. ಇವುಗಳ ನಳಿಗೆ ಅಲುಗದೆ ನಿಲ್ಲುತ್ತದೆ, ಗುರಿಕಣ್ಣನ್ನು ತಿರುಪಿನಿಂದ ಸರಿಪಡಿಸಿಕೊಳ್ಳಬಹುದು. ಮುಂದೆ 9 ಎಂಎಂ ಬಳಸುವವರು ಅದೇ ಮೈಕಟ್ಟಿನ ಗ್ಲಾಕ್ 44 ಅಥವಾ ಟಾರಸ್ ಟಿಎಕ್ಸ್22 ನೋಡಬಹುದು. ನನ್ನ ಓಟು ಮೊದಲ ಗುಂಪಿಗೆ. ಹಿಡಿದು ನೋಡದೆ ಕೊಳ್ಳಬೇಡಿ. ಮನೆಯಲ್ಲಿ ಯಾರೆಲ್ಲ ಕಲಿಯುತ್ತಾರೋ ಅವರ ಬೆರಳಿನ ತುದಿ ಟ್ರಿಗರಿಗೆ ಎಟುಕಬೇಕು.

ಬಿಚ್ಚಿ ಒರೆಸುವುದು ಸುಲಭವೇ ಎಂದೂ ಕೇಳಿ. .22ರ ಮಸಿ, ಜಿಡ್ಡು ಬಹಳ. ನಾನು ಅಗ್ಗಕ್ಕೆ ಸಿಕ್ಕಿತೆಂದು ತಂದ ಹಳೆಯ ಪಿಸ್ತೂಲನ್ನು ಊಟದ ಮೇಜಿನ ಮೇಲೆ ಬಿಚ್ಚಿದೆ, ಎರಡು ಗಂಟೆ ಹೆಣಗಿದರೂ ಜೋಡಿಸಲು ಆಗಲಿಲ್ಲ. ಬಿಡಿಭಾಗಗಳನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. 2016ರಲ್ಲಿ ಬಂದ ಮಾರ್ಕ್ 4 ಹಾಗಲ್ಲ, ಹಿಂಬದಿಯ ಒಂದು ಗುಂಡಿ ಒತ್ತಿದರೆ ಮಡಚಿಕೊಂಡು ತೆರೆಯುತ್ತದೆ.

.22 ತೋಟೆ ರಿಮ್‌ಫೈರ್ ಬಗೆಯದು, ಅಂದರೆ ಕಿಡಿ ಹೊತ್ತುವ ಮದ್ದು ತೋಟೆಯ ಅಂಚಿನ ಮಡಿಕೆಯಲ್ಲಿರುತ್ತದೆ. ಅಂಚಿನ ಸುತ್ತ ಅದು ಸಮನಾಗಿ ಹರಡಿರದಿದ್ದರೆ ಕೆಲವೊಮ್ಮೆ ತೋಟೆ ಸಿಡಿಯುವುದಿಲ್ಲ. ಹಾಗಾದಾಗ ತಕ್ಷಣ ತೆರೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿದದ್ದೂ ಉಂಟು. ಒಂದೊಂದು ಪಿಸ್ತೂಲಿಗೆ ಒಂದೊಂದು ತೋಟೆ ಒಗ್ಗುತ್ತದೆ, ಆದ್ದರಿಂದ ನಾಲ್ಕು ಬಗೆಯ ಸಣ್ಣ ಪೆಟ್ಟಿಗೆ ತಂದು ಪರೀಕ್ಷಿಸಿದ ಮೇಲೆ ಸಗಟು ಕೊಳ್ಳಿ. ತೋಟೆ ಇಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡುವ ಮುನ್ನ ಕೈಪಿಡಿ ಓದಿ, ಕೆಲವು .22ಗಳಲ್ಲಿ ತೋಟೆಗೆ ಬಡಿಯುವ ಒಳಗಿನ ಮೊಳೆ ನಳಿಗೆಯ ಅಂಚಿಗೆ ಬಡಿದು ಹಾಳಾಗುತ್ತದೆ.

ಊರಿನ ರೂಢಿಯೊಂದು ಇಲ್ಲಿ ತುಂಬ ಕೆಲಸಕ್ಕೆ ಬರುತ್ತದೆ. ರೇಂಜಿನ ಗಾಳಿಯಲ್ಲಿ, ನೆಲದಲ್ಲಿ ಸೀಸದ ಪುಡಿ ಇರುತ್ತದೆ, ಮಕ್ಕಳಿಗೆ ಅದು ವಿಷ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ಮುಖ ತೊಳೆದು ಒಳಗೆ ಬನ್ನಿ ಎಂದು ಅಜ್ಜಿ ಹೇಳುತ್ತಿದ್ದುದನ್ನೇ ಮಾಡಿ. ಬಟ್ಟೆ ಬೇರೆ ಹಾಕಿ, ಸ್ನಾನ ಮಾಡಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ.

ಇನ್ನೊಂದು ರೂಢಿಯನ್ನು ಊರಲ್ಲೇ ಬಿಡಬೇಕು. ನಮ್ಮಲ್ಲಿ ಕೋವಿ ಗೋಡೆಯ ಗೂಟಕ್ಕೆ ತೂಗುತ್ತಿತ್ತು, ಯಾವ ಮಗುವೂ ಮುಟ್ಟುತ್ತಿರಲಿಲ್ಲ. ಇಲ್ಲಿ ಗಣೇಶನ ಹಬ್ಬಕ್ಕೆ ನಲವತ್ತು ಜನ ಬಂದರೆ ಮಕ್ಕಳು ಎಲ್ಲ ಕೋಣೆಗಳಿಗೂ ನುಗ್ಗುತ್ತಾರೆ, ಅವರಲ್ಲಿ ಯಾರೂ ಕೋವಿಯ ಮನೆಯಲ್ಲಿ ಬೆಳೆದವರಲ್ಲ. ಪಿಸ್ತೂಲಿಗೊಂದು ಬೀಗದ ಪೆಟ್ಟಿಗೆ, ತೋಟೆಗೆ ಇನ್ನೊಂದು. ಮೊದಲು ಪೆಟ್ಟಿಗೆ ಕೊಳ್ಳಿ, ಪಿಸ್ತೂಲು ಆಮೇಲೆ.

ನಮ್ಮೂರಲ್ಲಿ ರಾತ್ರಿ ಈಡಿನ ಸದ್ದು ಕೇಳಿದರೆ ಹಂದಿ ಬಂದಿರಬೇಕು ಎಂದು ಮಗ್ಗುಲು ಬದಲಿಸಿ ಮಲಗುತ್ತಿದ್ದೆವು. ಚುನಾವಣೆ ಬಂದಾಗ ಕೋವಿ ಠಾಣೆಗೆ ಜಮಾ, ಆಯುಧಪೂಜೆಗೆ ಅದಕ್ಕೂ ಕುಂಕುಮ. ನನ್ನ ಮಗಳಿಗೆ ಕಿಂಡರ್‌ಗಾರ್ಟನಿನಲ್ಲೇ, ಶಾಲೆಗೆ ಬಂದೂಕುಧಾರಿ ನುಗ್ಗಿದರೆ ದೀಪ ಆರಿಸಿ, ಉಸಿರೆತ್ತದೆ ಮೂಲೆಯಲ್ಲಿ ಕೂರುವುದನ್ನು ಕಲಿಸಿದರು. ನಾನು ಪಿಸ್ತೂಲು ತಂದ ದಿನದಿಂದ ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಅವಳ ಭಯಕ್ಕೆ ನನ್ನ ನೆನಪಿನಲ್ಲಿ ಉತ್ತರವಿರಲಿಲ್ಲ. ಒತ್ತಾಯಿಸಲಿಲ್ಲ. ನಾಲ್ಕು ವರ್ಷದ ಮೇಲೆ, ಹದಿನೈದು ತುಂಬಿದಾಗ, ತಾನಾಗಿ ರೇಂಜಿಗೆ ಬರುತ್ತೇನೆಂದಳು. 18 ತುಂಬದವರು ಪಿಸ್ತೂಲು ಹಿಡಿಯಲು ಪೋಷಕರ ಲಿಖಿತ ಒಪ್ಪಿಗೆ ಬೇಕು, ಬರೆದುಕೊಟ್ಟೆ.

ಹೋದ ಬೇಸಿಗೆಯಲ್ಲಿ ಅಪ್ಪಯ್ಯ ಬಂದಿದ್ದರು. ನಲವತ್ತು ವರ್ಷ ಕೋವಿ ಹಿಡಿದವರು ಗಾಜಿನ ಆಚೆ ಬೆಂಚಿನ ಮೇಲೆ ಕೈಕಟ್ಟಿ ಕುಳಿತು ಮೊಮ್ಮಗಳನ್ನು ನೋಡಿದರು. ನಾನು ಕಾನೂನನ್ನು ಹೇಳಿದೆ, ‘ಸರಿ ಬಿಡು’ ಎಂದರು, ಅಷ್ಟೇ. ಮನೆಗೆ ಬಂದು ಕೈ ತೊಳೆದ ಮೇಲೆ ಅವಳನ್ನು ಕರೆದು ಕೂರಿಸಿಕೊಂಡರು. ಅವಳ ತೋರುಬೆರಳಿನ ತುದಿಗೆ ತಮ್ಮ ತೋರುಬೆರಳು ಇಟ್ಟು ನಿಧಾನವಾಗಿ ಒತ್ತಿದರು. ‘ಎಳೆಯಬಾರದು ಮಗಾ, ಬೆಣ್ಣೆ ಮುದ್ದೆ ಒತ್ತಿದ ಹಾಗೆ,’ ಎಂದರು. ಅವಳಿಗೆ ಬೆಣ್ಣೆ ಮುದ್ದೆ ಗೊತ್ತಿಲ್ಲ. ‘ಇನ್ನೊಂದು ಸಲ ತೋರಿಸಿ ಅಜ್ಜಯ್ಯ,’ ಎಂದಳು.