ಗುಜರಿಯಲ್ಲಿ ಸಿಕ್ಕ ದೊಡ್ಡ ವಾಲ್ವನ್ನು ಪರೀಕ್ಷಿಸುವ ಬಗೆ

ತುಮಕೂರಿನ ಗುಜರಿ ಅಂಗಡಿಗಳಲ್ಲಿ, ಬಿಚ್ಚಿಹಾಕಿದ ಇಂಡಕ್ಷನ್ ಹೀಟರ್ ಅಥವಾ ಪ್ಲಾಸ್ಟಿಕ್ ವೆಲ್ಡಿಂಗ್ ಯಂತ್ರದ ಭಾಗಗಳ ನಡುವೆ, ಒಮ್ಮೊಮ್ಮೆ ದೊಡ್ಡ ಟ್ರಯೋಡ್ ವಾಲ್ವ್ ಕಣ್ಣಿಗೆ ಬೀಳುತ್ತದೆ. ಇದು ಒಳಗಿನ ಗಾಳಿ ತೆಗೆದ ಎಲೆಕ್ಟ್ರಾನಿಕ್ ಟ್ಯೂಬ್: ಕಾದು ಎಲೆಕ್ಟ್ರಾನ್ ಸೂಸುವ ತಂತಿ ಫಿಲಮೆಂಟ್, ಅವುಗಳ ಹರಿವನ್ನು ಹಿಡಿತದಲ್ಲಿಡುವುದು ಗ್ರಿಡ್, ಅವನ್ನು ಸೆಳೆದುಕೊಳ್ಳುವುದು ಆನೋಡ್. ಅಂಗಡಿಯವರು ಅದರ ತಾಮ್ರವನ್ನು ತೂಗಿ ಬೆಲೆ ಹೇಳುತ್ತಾರೆ. ಕೊಳ್ಳುವವರು ಫಿಲಮೆಂಟ್ ಮತ್ತು ನಿರ್ವಾತ ಉಳಿದಿವೆಯೇ ಎಂದು ನೋಡಬೇಕು.

ಹೊರಗೆ ಕಾಣುವ ಆ ತಾಮ್ರದ ಕೊಳವೆಯೇ ಆನೋಡ್. ಬಿಸಿಯಾದಾಗ ತಾಮ್ರವು ಗಾಜಿಗಿಂತ ಬಹಳ ಹೆಚ್ಚು ಹಿಗ್ಗುವುದರಿಂದ, ಎರಡೂ ಕೂಡುವ ಕಡೆ ತಾಮ್ರದ ಅಂಚನ್ನು ಬ್ಲೇಡಿನಂತೆ ತೆಳುವಾಗಿಸಿ ಗಾಜಿನಲ್ಲಿ ಹುದುಗಿಸಿರುತ್ತಾರೆ. ಅಂಚು ಬಾಗಿ ಎಳೆತವನ್ನು ತಾನೇ ತೆಗೆದುಕೊಳ್ಳುತ್ತದೆ. ಆ ಸುತ್ತಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಕೊಳ್ಳಬಾರದು. ಬಿಳಿ ಸೆರಾಮಿಕ್ ಇದ್ದರೆ ಅದನ್ನು ಒಡೆಯಬಾರದು, ಉಜ್ಜಲೂಬಾರದು: ಕೆಲವು ವಾಲ್ವ್‌ಗಳಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಫಿಲಮೆಂಟ್ ಸಾಮಾನ್ಯವಾಗಿ ಶೇ. 1ರಿಂದ 2ರಷ್ಟು ಥೋರಿಯಂ ಆಕ್ಸೈಡ್ ಬೆರೆತ ಟಂಗ್‌ಸ್ಟನ್; ಮೇಲ್ಪದರವನ್ನು ಕಾರ್ಬೈಡ್ ಆಗಿಸಿರುವುದರಿಂದ ಬಲು ಪೆಡಸು. ನನ್ನ ಮೊದಲ ವಾಲ್ವನ್ನು ಸ್ಕೂಟರಿನಲ್ಲಿ ಅಡ್ಡ ಮಲಗಿಸಿ ತಂದೆ. ಶಿರಾಗೇಟ್ ದಾಟುವಷ್ಟರಲ್ಲಿ ಫಿಲಮೆಂಟ್ ತುಂಡಾಗಿತ್ತು. ವಾಲ್ವನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಹಳೆಬಟ್ಟೆ ತುರುಕಿ ತರಬೇಕು.

ಮಲ್ಟಿಮೀಟರಿನಲ್ಲಿ ಫಿಲಮೆಂಟ್ ಸುಮಾರು ಸೊನ್ನೆ ತೋರಿದರೆ ಶಾರ್ಟ್ ಎಂದು ಎಸೆಯಬೇಡಿ. ಉದಾಹರಣೆಗೆ, 833ಎ ಎಂಬ ಮಾದರಿಯ ವಾಲ್ವಿನ ಫಿಲಮೆಂಟ್ 10 ವೋಲ್ಟ್‌ಗೆ 10 ಆಂಪಿಯರ್ ಎಳೆಯುತ್ತದೆ, ಅಂದರೆ ಕಾದಾಗ 1 ಓಮ್. ತಣ್ಣಗಿರುವಾಗ ಅದರ ಹತ್ತನೆಯ ಒಂದು ಪಾಲಿನಷ್ಟು, ಮೀಟರಿನ ವೈರುಗಳಿಗೇ ಅಷ್ಟು ರೋಧ ಇರುತ್ತದೆ. ಫಿಲಮೆಂಟ್ ಮತ್ತು ಗ್ರಿಡ್ ನಡುವೆ ಮಾತ್ರ ಯಾವ ಸಂಪರ್ಕವೂ ಸಿಗಬಾರದು.

ತಣ್ಣಗಿನ ಫಿಲಮೆಂಟ್ ಒಮ್ಮೆಲೇ ಅತಿಯಾದ ಕರೆಂಟ್ ಎಳೆಯುವುದರಿಂದ, ವೇರಿಯಾಕ್‌ನಿಂದ (ವೋಲ್ಟೇಜನ್ನು ಹೆಚ್ಚು ಕಡಿಮೆ ಮಾಡಬಲ್ಲ ಟ್ರಾನ್ಸ್‌ಫಾರ್ಮರ್) ನಿಧಾನವಾಗಿ ವೋಲ್ಟೇಜ್ ಏರಿಸಿ, ನಮೂದಿಸಿದ ಮೌಲ್ಯದಿಂದ ಶೇ. 5ಕ್ಕಿಂತ ಹೆಚ್ಚು ಆಚೀಚೆ ಹೋಗದಂತೆ ಹಲವು ಗಂಟೆ ಫಿಲಮೆಂಟನ್ನು ಮಾತ್ರ ಉರಿಸಬೇಕು. ಬ್ಲೋವರ್ ಬೇಕಾದ ವಾಲ್ವ್‌ಗೆ ಗಾಳಿ ಮೊದಲು, ಕರೆಂಟ್ ಆಮೇಲೆ. ವರ್ಷಗಟ್ಟಲೆ ಮೂಲೆಯಲ್ಲಿದ್ದ ವಾಲ್ವಿನೊಳಗೆ ಬಿಡುಗಡೆಯಾದ ಅಲ್ಪ ಅನಿಲವನ್ನು ಕಾದ ಲೋಹವೇ ಹೀರಿಕೊಳ್ಳುತ್ತದೆ.

ಆನೋಡಿಗೆ ಸಾವಿರಾರು ವೋಲ್ಟ್ ಕೊಡುವ ಕೆಲಸವನ್ನು, ಕೆಪಾಸಿಟರುಗಳನ್ನು ಅರ್ಥ್ ಮಾಡಿದ ಕೋಲಿನಿಂದ ಖಾಲಿ ಮಾಡುವುದು ಗೊತ್ತಿರುವವರು ಮಾತ್ರ, ಸರಣಿಯಲ್ಲಿ ರೆಸಿಸ್ಟರ್ ಇಟ್ಟು, ಕಡಿಮೆ ವೋಲ್ಟೇಜಿನಿಂದ ಶುರುಮಾಡಬೇಕು. ಗಾಜಿನ ವಾಲ್ವಾದರೆ ಆಗ ದೀಪ ಆರಿಸಿ ನೋಡಿ: ಗಾಜಿನ ಒಳಮೈಗೆ ಅಂಟಿದಂತೆ ಕಾಣುವ ನೀಲಿ ಹೊಳಪು ನಿರಪಾಯ, ಆದರೆ ಗ್ರಿಡ್ ಮತ್ತು ಆನೋಡ್ ನಡುವಿನ ಜಾಗದಲ್ಲಿ ಮಂಜಿನಂತೆ ನೀಲಿ ತುಂಬಿಕೊಂಡರೆ ತಕ್ಷಣ ಸ್ವಿಚ್ ಆರಿಸಿ, ಒಳಗೆ ಅನಿಲ ಸೇರಿದೆ.