ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವುದು ಹೇಗೆ?

ಒಂದು ಜೀವಕೋಶ ಎರಡಾಗುವುದನ್ನು, ಅದರ ವರ್ಣತಂತುಗಳು ಎರಡು ಪಾಲಾಗಿ ಎರಡು ಕಡೆಗೆ ಸರಿಯುವುದನ್ನು ಕಣ್ಣಾರೆ ನೋಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. 400 ಪಟ್ಟು ಹಿಗ್ಗಿಸುವ ಸಾಧಾರಣ ಸೂಕ್ಷ್ಮದರ್ಶಕ, ಒಂದು ಈರುಳ್ಳಿ, ನಾಲ್ಕು ರಾಸಾಯನಿಕ, ನಾಲ್ಕೈದು ದಿನದ ತಾಳ್ಮೆ ಇದ್ದರೆ ಸಾಕು. ಆದರೂ ಅನೇಕರ ಸ್ಲೈಡಿನಲ್ಲಿ ಕಾಣುವುದು ಒಂದರ ಮೇಲೊಂದು ಬಿದ್ದ ಕೆಂಪು ಮುದ್ದೆ ಮಾತ್ರ. ಹೆಚ್ಚಿನ ಸಲ ತಪ್ಪು ಸೂಕ್ಷ್ಮದರ್ಶಕದ್ದಲ್ಲ. ಬೇರನ್ನು ಎಲ್ಲಿ ಕತ್ತರಿಸಿದರು, ಎಷ್ಟು ಮೆದು ಮಾಡಿದರು, ಹೇಗೆ ಒತ್ತಿದರು ಎಂಬ ಮೂರು ವಿಷಯಗಳಲ್ಲೇ ಎಲ್ಲವೂ ನಿಂತಿದೆ.

ಈರುಳ್ಳಿಯನ್ನೇ ಆರಿಸುವುದಕ್ಕೆ ಬಲವಾದ ಕಾರಣವಿದೆ. ಅದರ ಕೋಶದಲ್ಲಿರುವುದು 16 ವರ್ಣತಂತು ಮಾತ್ರ, ಮನುಷ್ಯರಲ್ಲಿ 46. ಆದರೆ ಡಿಎನ್‌ಎ ಪ್ರಮಾಣ ನಮ್ಮದಕ್ಕಿಂತ ಸುಮಾರು ಐದು ಪಟ್ಟು. ಒಂದು ಕೋಶದ ಡಿಎನ್‌ಎ ಎಳೆಗಳನ್ನೆಲ್ಲ ಬಿಚ್ಚಿ ತುದಿಗೆ ತುದಿ ಜೋಡಿಸಿದರೆ ಹತ್ತು ಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಅಷ್ಟು ಡಿಎನ್‌ಎ ಹದಿನಾರೇ ಕಟ್ಟುಗಳಲ್ಲಿ ಇರುವುದರಿಂದ ಒಂದೊಂದು ಕಟ್ಟೂ ದಪ್ಪವಾಗಿದೆ, ಉದ್ದವಾಗಿದೆ, ಸುಲಭವಾಗಿ ಕಾಣುತ್ತದೆ. ಬೆಳ್ಳುಳ್ಳಿಯಲ್ಲೂ 16 ವರ್ಣತಂತುಗಳೇ ಇವೆ. ಈರುಳ್ಳಿ ಬೇರು ಬಿಡದಿದ್ದರೆ ಬೆಳ್ಳುಳ್ಳಿ ಎಸಳನ್ನು ಬಳಸಬಹುದು.

ಬೇರು ಬರಿಸುವುದು

ಗಟ್ಟಿಯಾದ, ಕೊಳೆಯದ ಈರುಳ್ಳಿ ತೆಗೆದುಕೊಳ್ಳಿ. ಬುಡದಲ್ಲಿರುವ ಒಣ ಬೇರುಗಳನ್ನು ಬ್ಲೇಡಿನಿಂದ ಹೆರೆದು ತೆಗೆಯಿರಿ. ಬುಡದ ತಟ್ಟೆಗೆ ಗಾಯ ಮಾಡಬೇಡಿ, ಹೊಸ ಬೇರು ಹೊರಡುವುದು ಅಲ್ಲಿಂದಲೇ. ಅಗಲ ಬಾಯಿಯ ಗಾಜಿನ ಲೋಟದ ಮೇಲೆ ಈರುಳ್ಳಿ ಕೂರಿಸಿ, ಬುಡ ಮಾತ್ರ ನೀರಿಗೆ ತಾಗುವಷ್ಟು ನೀರು ತುಂಬಿ. ಗಡ್ಡೆ ಮುಳುಗಿದರೆ ಕೊಳೆಯುತ್ತದೆ. ನೀರನ್ನು ದಿನವೂ ಬದಲಿಸಿ. ಕ್ಲೋರಿನ್ ವಾಸನೆಯಿರುವ ನಲ್ಲಿ ನೀರಾದರೆ ಒಂದು ರಾತ್ರಿ ತೆರೆದಿಟ್ಟು ಬಳಸಿ. ಮೂರ್ನಾಲ್ಕು ದಿನದಲ್ಲಿ ಬಿಳಿಯ ಬೇರುಗಳು ಎರಡು ಸೆಂಟಿಮೀಟರಿನಷ್ಟು ಬೆಳೆಯುತ್ತವೆ, ಅದೇ ಸರಿಯಾದ ಹಂತ. ಬಹಳ ಉದ್ದವಾಗಲು ಬಿಟ್ಟರೆ ಬೆಳವಣಿಗೆ ನಿಧಾನವಾಗಿ, ವಿಭಜಿಸುವ ಕೋಶಗಳು ಕಡಿಮೆ ಸಿಗುತ್ತವೆ.

ದಾಸ್ತಾನಿನಲ್ಲಿ ಮೊಳಕೆ ಬಾರದಂತೆ ಸಂಸ್ಕರಿಸಿದ ಈರುಳ್ಳಿ ಬೇರು ಬಿಡುವುದೇ ಇಲ್ಲ, ಬಿಟ್ಟರೂ ಮೊಟಕಾಗಿ ನಿಲ್ಲುತ್ತದೆ. ಅಂಥ ಸಂಸ್ಕರಣೆಯ ಉದ್ದೇಶವೇ ಕೋಶ ವಿಭಜನೆಯನ್ನು ತಡೆಯುವುದು. ಹಾಗಾಗಿ ಒಂದರ ಬದಲು ನಾಲ್ಕೈದು ಗಡ್ಡೆ ಇಡುವುದು ಕ್ಷೇಮ.

ಕತ್ತರಿಸಿ ಸ್ಥಿರಗೊಳಿಸುವುದು

ಬೇರಿನ ತುದಿಯಿಂದ ಒಂದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ತಕ್ಷಣ ಸ್ಥಿರೀಕರಣ ದ್ರಾವಣಕ್ಕೆ ಹಾಕಿ. ಬೆಳಗಿನ ಹೊತ್ತು ಕತ್ತರಿಸುವ ರೂಢಿಯಿದೆ. ಆದರೆ ವಿಭಜನೆ ಹೆಚ್ಚಿರುವ ಹೊತ್ತು ಬೆಳಕು ಮತ್ತು ತಾಪಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡು ಮೂರು ಬೇರೆ ಬೇರೆ ಹೊತ್ತಿನಲ್ಲಿ ಕೆಲವೇ ಬೇರುಗಳನ್ನು ಕತ್ತರಿಸಿಟ್ಟರೆ ಯಾವುದೋ ಒಂದರಲ್ಲಿ ಚೆನ್ನಾದ ನೋಟ ಸಿಕ್ಕೇ ಸಿಗುತ್ತದೆ.

ದ್ರಾವಣ ಮಾಡಲು ಮೂರು ಭಾಗ ಇಥೈಲ್ ಆಲ್ಕೊಹಾಲಿಗೆ ಒಂದು ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲ ಸೇರಿಸಿ. 20 ಮಿಲಿಲೀಟರ್ ಬೇಕಿದ್ದರೆ 15 ಮಿಲಿಲೀಟರ್ ಆಲ್ಕೊಹಾಲು, 5 ಮಿಲಿಲೀಟರ್ ಆಮ್ಲ. ಇದು ಕೋಶವನ್ನು ಆ ಕ್ಷಣದ ಸ್ಥಿತಿಯಲ್ಲೇ ನಿಲ್ಲಿಸುತ್ತದೆ. ಆಲ್ಕೊಹಾಲು ಕೋಶವನ್ನು ಕುಗ್ಗಿಸುತ್ತದೆ, ಆಮ್ಲ ಉಬ್ಬಿಸುತ್ತದೆ. ಎರಡೂ ಸೇರಿದಾಗ ವರ್ಣತಂತುವಿನ ಆಕಾರ ಕೆಡದೆ ಉಳಿಯುತ್ತದೆ. ಬೆರೆಸಿಟ್ಟ ದ್ರಾವಣದಲ್ಲಿ ಎರಡೂ ತಮ್ಮಲ್ಲೇ ವರ್ತಿಸಿ ಎಸ್ಟರ್ ಆಗತೊಡಗುವುದರಿಂದ ಪ್ರತಿ ಸಲ ಹೊಸದಾಗಿಯೇ ಮಾಡಿಕೊಳ್ಳಬೇಕು. ಬೇರುಗಳಿಗಿಂತ ದ್ರಾವಣ ಕನಿಷ್ಠ ಹತ್ತು ಪಟ್ಟು ಹೆಚ್ಚಿರಲಿ. 24 ಗಂಟೆ ಬಿಟ್ಟು, ಶೇ 70ರ ಆಲ್ಕೊಹಾಲಿಗೆ ವರ್ಗಾಯಿಸಿ ತಂಪಿನಲ್ಲಿಟ್ಟರೆ ವಾರಗಟ್ಟಲೆ ಬಳಸಬಹುದು. ಈ ದ್ರಾವಣವೂ ಆಲ್ಕೊಹಾಲೂ ಬೆಂಕಿಗೆ ಬೇಗ ಹೊತ್ತುತ್ತವೆ, ಸ್ಪಿರಿಟ್ ದೀಪದ ಹತ್ತಿರ ಇಡಲೇಬಾರದು. ಗ್ಲೇಶಿಯಲ್ ಆಮ್ಲದ ಆವಿ ಮೂಗು, ಕಣ್ಣು ಸುಡುತ್ತದೆ. ಕಿಟಕಿ ತೆರೆದಿಟ್ಟು, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

ಮೆದು ಮಾಡುವುದು, ಬಣ್ಣ ಹಾಕುವುದು

ಸಸ್ಯಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಅದನ್ನು ಸಡಿಲಿಸದೆ ಎಷ್ಟು ಒತ್ತಿದರೂ ಕೋಶಗಳು ಬಿಡಿಬಿಡಿಯಾಗಿ ಹರಡುವುದಿಲ್ಲ. ಇದಕ್ಕೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಮೊದಲು ಸುಮಾರು 80 ಮಿಲಿಲೀಟರ್ ನೀರು ತೆಗೆದುಕೊಂಡು, ಅದಕ್ಕೆ 8.3 ಮಿಲಿಲೀಟರ್ ಸಾಂದ್ರ ಆಮ್ಲವನ್ನು ನಿಧಾನವಾಗಿ ಸೇರಿಸಿ, ಒಟ್ಟು 100 ಮಿಲಿಲೀಟರ್ ಆಗುವಷ್ಟು ನೀರು ಹಾಕಿ. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು, ಸಿಡಿಯುತ್ತದೆ.

ಈ ಆಮ್ಲವಿರುವ ಸಣ್ಣ ಸೀಸೆಯನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ನಿಲ್ಲಿಸಿ, ಬೇರಿನ ತುದಿಗಳನ್ನು ನೀರಿನಲ್ಲಿ ತೊಳೆದು ಅದರಲ್ಲಿ ಎಂಟು ನಿಮಿಷ ಬಿಡಿ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಬೇರು ಗಟ್ಟಿಯಾಗಿಯೇ ಉಳಿಯುತ್ತದೆ. ಹದಿನೈದಕ್ಕೆ ಹೋದರೆ ಚಿಮುಟದಲ್ಲಿ ಎತ್ತುವಾಗಲೇ ಕರಗಿಹೋಗುತ್ತದೆ, ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಈ ಹಂತದಲ್ಲಿ ತಾಪಮಾಪಕ, ಗಡಿಯಾರ ಎರಡೂ ಎದುರಿಗಿರಲಿ, ಅಂದಾಜು ಬೇಡ. ಬಳಿಕ ಎರಡು ಸಲ ನೀರಿನಲ್ಲಿ ತೊಳೆಯಿರಿ.

ಬಣ್ಣಕ್ಕೆ ಅಸಿಟೋಕಾರ್ಮೈನ್ ಒಳ್ಳೆಯದು. ಶೇ 45ರ ಅಸಿಟಿಕ್ ಆಮ್ಲ 100 ಮಿಲಿಲೀಟರಿಗೆ 1 ಗ್ರಾಂ ಕಾರ್ಮೈನ್ ಹಾಕಿ, ಗಾಳಿಯಾಡುವ ಕಡೆ ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಸೋಸಿದರೆ ಅದು ಸಿದ್ಧ. ಸಿದ್ಧ ದ್ರಾವಣವೂ ಸಿಗುತ್ತದೆ. ತುದಿಗಳನ್ನು ವಾಚ್ ಗ್ಲಾಸಿನಲ್ಲಿಟ್ಟು ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಆವಿ ಏಳತೊಡಗುವಷ್ಟು ಮಾತ್ರ ಎರಡು ಮೂರು ಸಲ ಬಿಸಿ ಮಾಡಿ. ಕುದಿಸಬೇಡಿ. ಹತ್ತು ಹದಿನೈದು ನಿಮಿಷ ಬಿಡಿ. ಉಕ್ಕಿನ ಸೂಜಿಯಿಂದ ಬಣ್ಣವನ್ನು ಸ್ವಲ್ಪ ಕದಡಿದರೆ ಅದರಿಂದ ಸೇರುವ ಚೂರು ಕಬ್ಬಿಣಾಂಶ ವರ್ಣತಂತುಗಳನ್ನು ಗಾಢಗೊಳಿಸುತ್ತದೆ. ಅತಿಯಾದರೆ ಕೋಶದ್ರವ್ಯವೂ ಕಪ್ಪಾಗಿ ಏನೂ ಕಾಣದಂತಾಗುತ್ತದೆ.

ಒತ್ತುವುದು

ಈಗ ಬೇರನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಗಾಢ ಕೆಂಪಾಗಿರುತ್ತದೆ, ಉಳಿದದ್ದು ತಿಳಿ ಬಣ್ಣ. ವಿಭಜನೆ ನಡೆಯುವುದು ಆ ಗಾಢ ಭಾಗದಲ್ಲಿ. ಅಲ್ಲಿನ ಕೋಶಗಳು ಚಿಕ್ಕವು, ಅವುಗಳ ಬಹುಪಾಲು ಜಾಗವನ್ನು ಕೋಶಕೇಂದ್ರವೇ ತುಂಬಿರುತ್ತದೆ, ಅದಕ್ಕೇ ಬಣ್ಣ ಹೆಚ್ಚು ಹಿಡಿಯುತ್ತದೆ. ಹಿಂದಿನ ಭಾಗದ ಕೋಶಗಳು ಉದ್ದವಾಗುತ್ತವೆಯೇ ಹೊರತು ವಿಭಜಿಸುವುದಿಲ್ಲ. ಗಾಢ ತುದಿಯನ್ನು ಸ್ಲೈಡಿನ ಮೇಲೆ ಕತ್ತರಿಸಿಟ್ಟುಕೊಂಡು ಉಳಿದುದನ್ನು ಎಸೆಯಿರಿ. ಐದು ಮಿಲಿಮೀಟರ್ ತುಂಡನ್ನು ಇಟ್ಟವರು ಉದ್ದ ಕೋಶಗಳ ನಡುವೆ ವಿಭಜನೆ ಹುಡುಕುತ್ತ ಕೂರಬೇಕಾಗುತ್ತದೆ.

ಒಂದು ಹನಿ ಶೇ 45ರ ಅಸಿಟಿಕ್ ಆಮ್ಲ ಹಾಕಿ, ತುದಿಯನ್ನು ಸೂಜಿಯಿಂದ ನುಣ್ಣಗೆ ಬಿಡಿಸಿ. ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸಿದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಹಗುರವಾಗಿ ತಟ್ಟಿ. ಕೆಂಪು ಚುಕ್ಕೆ ಮಸುಕಾದ ಮೋಡದಂತೆ ಹರಡುತ್ತದೆ. ಬಳಿಕ ಸ್ಲೈಡನ್ನು ಫಿಲ್ಟರ್ ಪೇಪರಿನ ಮಡಿಕೆಯಲ್ಲಿಟ್ಟು, ಹೆಬ್ಬೆರಳಿನಿಂದ ನೇರವಾಗಿ ಕೆಳಕ್ಕೆ ಒತ್ತಿ. ಪಕ್ಕಕ್ಕೆ ಎಳ್ಳಷ್ಟೂ ಜಾರಬಾರದು. ಜಾರಿದರೆ ಕೋಶಗಳು ಸುರುಳಿ ಸುತ್ತಿಕೊಂಡು ವರ್ಣತಂತುಗಳು ಹರಿದುಹೋಗುತ್ತವೆ. ಸ್ಲಿಪ್ಪು ಒಡೆದರೆ ಅಡಿಯಲ್ಲಿ ಧೂಳಿನ ಕಣ ಅಥವಾ ಮೆದುವಾಗದ ತುಂಡು ಇದೆಯೆಂದೇ ಅರ್ಥ.

ಏನನ್ನು ನೋಡುವುದು

ಮೊದಲು 10 ಪಟ್ಟಿನ ಮಸೂರದಲ್ಲಿ ಚೌಕಾಕಾರದ, ದೊಡ್ಡ ಕೋಶಕೇಂದ್ರವಿರುವ ಕೋಶಗಳ ಜಾಗ ಹುಡುಕಿ, ಆಮೇಲಷ್ಟೇ 40 ಪಟ್ಟಿನ ಮಸೂರಕ್ಕೆ ತಿರುಗಿಸಿ. ಬೆಳಕಿನ ಕಿಂಡಿಯನ್ನು ಸ್ವಲ್ಪ ಕಿರಿದಾಗಿಸಿದರೆ ಅಂಚುಗಳು ಸ್ಪಷ್ಟವಾಗುತ್ತವೆ.

ಹೆಚ್ಚಿನ ಕೋಶಗಳಲ್ಲಿ ಕೋಶಕೇಂದ್ರ ದುಂಡಗೆ, ಒಂದೇ ಸಮನಾಗಿ ಬಣ್ಣ ಹಿಡಿದು, ಒಂದೆರಡು ತಿಳಿ ಚುಕ್ಕೆಗಳೊಂದಿಗೆ ಕಾಣುತ್ತದೆ. ಇದು ಎರಡು ವಿಭಜನೆಗಳ ನಡುವಿನ ಹಂತವಾದ ಇಂಟರ್‌ಫೇಸ್. ಇದನ್ನು ವಿಶ್ರಾಂತಿ ಎಂದು ಕರೆಯುವ ಅಭ್ಯಾಸ ಇನ್ನೂ ಹೋಗಿಲ್ಲ, ಹೋಗಲೇಬೇಕು. ಆನುವಂಶಿಕ ವಸ್ತುವಿನ ನಕಲು ನಡೆಯುವುದು ಈ ಹಂತದಲ್ಲೇ. ವಿಭಜನೆ ಕಣ್ಣಿಗೆ ಬೀಳುವ ಹೊತ್ತಿಗೆ ನಕಲು ಮುಗಿದಿರುತ್ತದೆ, ನಾವು ನೋಡುವುದು ಹಂಚಿಕೆಯನ್ನು ಮಾತ್ರ. 1953ರಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ವಿಕಿರಣಶೀಲ ರಂಜಕ ಬಳಸಿ ಇದನ್ನು ತೋರಿಸಿದ್ದು ಬೇರಿನ ತುದಿಯಲ್ಲೇ, ವಿಸಿಯಾ ಫಾಬಾ ಎಂಬ ಅವರೆ ಜಾತಿಯ ಗಿಡದಲ್ಲಿ. ಡಿಎನ್‌ಎ ತಯಾರಾಗುವ ಎಸ್ ಹಂತ, ಅದರ ಹಿಂದೆ ಮುಂದೆ ಜಿ1, ಜಿ2 ಎಂಬ ಬಿಡುವುಗಳು ಎಂಬ ವಿಂಗಡಣೆ ಅವರದೇ. 1957ರಲ್ಲಿ ಹರ್ಬರ್ಟ್ ಟೇಲರ್ ಮತ್ತು ಸಂಗಡಿಗರು ಅದೇ ಗಿಡದ ಬೇರಿಗೆ ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂನ ಗುರುತಿರುವ ಥೈಮಿಡಿನ್ ಎಂಬ ಡಿಎನ್‌ಎ ಘಟಕವನ್ನು ಉಣಿಸಿದರು. ಮೊದಲ ವಿಭಜನೆಯಲ್ಲಿ ವರ್ಣತಂತುವಿನ ಎರಡೂ ನಕಲುಗಳಲ್ಲಿ, ಅಂದರೆ ಕ್ರೋಮಟಿಡ್‌ಗಳಲ್ಲಿ ಗುರುತು ಇತ್ತು. ಗುರುತಿಲ್ಲದ ಆಹಾರದಲ್ಲಿ ಇನ್ನೊಂದು ಸುತ್ತು ನಕಲಾದ ಮೇಲೆ ಎರಡರಲ್ಲಿ ಒಂದರಲ್ಲಿ ಮಾತ್ರ ಉಳಿದಿತ್ತು. ಹಳೆಯ ಎಳೆ ಒಂದು, ಹೊಸ ಎಳೆ ಒಂದು ಸೇರಿ ಪ್ರತಿ ನಕಲೂ ಆಗುತ್ತದೆ ಎಂಬುದು ಹೀಗೆ ವರ್ಣತಂತುವಿನ ಮಟ್ಟದಲ್ಲಿ ಕಂಡಿತು.

ಪ್ರೋಫೇಸ್ ಕೋಶದಲ್ಲಿ ಕೋಶಕೇಂದ್ರ ದಾರದ ಉಂಡೆಯಂತೆ ಕಾಣುತ್ತದೆ. ಎಳೆಗಳು ದಪ್ಪವಾದಂತೆ ತಿಳಿ ಚುಕ್ಕೆ ಮಾಯವಾಗುತ್ತದೆ, ಕೋಶಕೇಂದ್ರದ ಪೊರೆ ಒಡೆಯುತ್ತದೆ. ಮೆಟಾಫೇಸಿನಲ್ಲಿ ವರ್ಣತಂತುಗಳು ಕೋಶದ ನಡುಮಟ್ಟಕ್ಕೆ ಬಂದು ನಿಲ್ಲುತ್ತವೆ. ಪಕ್ಕದಿಂದ ನೋಡಿದರೆ ದಪ್ಪ ಪಟ್ಟಿ, ಅದರಿಂದ ಹೊರಕ್ಕೆ ಚಾಚಿದ ತೋಳುಗಳು. ಧ್ರುವದ ಕಡೆಯಿಂದ ಕಂಡ ಕೋಶ ಚೆನ್ನಾಗಿ ಹರಡಿದ್ದರೆ 16ನ್ನು ಎಣಿಸಬಹುದು. ಅಂಥದ್ದು ಅಪರೂಪ, ಸಿಕ್ಕರೆ ಕೂಡಲೇ ಚಿತ್ರ ಬರೆದುಕೊಳ್ಳಿ. ವರ್ಣತಂತುಗಳನ್ನು ಎಳೆಯುವ ಕದಿರಿನ ಎಳೆಗಳನ್ನು ಮಾತ್ರ ಹುಡುಕಬೇಡಿ, ಕಾರ್ಮೈನ್ ಅವಕ್ಕೆ ಬಣ್ಣ ಕೊಡುವುದಿಲ್ಲ. ಪುಸ್ತಕದ ಪ್ರಾಣಿಕೋಶದ ಚಿತ್ರದಲ್ಲಿ ಕದಿರಿನ ತುದಿಗಳಲ್ಲಿರುವ ಸೆಂಟ್ರಿಯೋಲ್ ಈರುಳ್ಳಿಯಲ್ಲಿ ಇಲ್ಲವೇ ಇಲ್ಲ.

ಅನಾಫೇಸ್ ಎಲ್ಲಕ್ಕಿಂತ ಚೊಕ್ಕ ನೋಟ, ಎಲ್ಲಕ್ಕಿಂತ ಕಡಿಮೆ ಸಿಗುವುದೂ ಅದೇ. ಜೋಡಿ ಕ್ರೋಮಟಿಡ್‌ಗಳನ್ನು ಹಿಡಿದಿಟ್ಟಿರುವುದು ಕೊಹೀಸಿನ್ ಎಂಬ ಪ್ರೋಟೀನು. ಪ್ರತಿಯೊಂದು ಜೋಡಿಗೂ ಎರಡೂ ಧ್ರುವಗಳಿಂದ ಎಳೆಗಳು ಬಂದು ಹಿಡಿಯುವವರೆಗೆ ಕೋಶ ಕಾಯುತ್ತದೆ, ಒಂದು ಬಾಕಿ ಉಳಿದಿದ್ದರೂ ತಡೆ ಇರುತ್ತದೆ. ತಡೆ ತೆರವಾದಾಗ ಸೆಪರೇಸ್ ಎಂಬ ಕಿಣ್ವ ಕೊಹೀಸಿನನ್ನು ಕತ್ತರಿಸುತ್ತದೆ, ಎಲ್ಲ ಜೋಡಿಗಳೂ ಹೆಚ್ಚುಕಡಿಮೆ ಒಟ್ಟಿಗೇ ಬೇರೆಯಾಗುತ್ತವೆ. ಎಳೆಗಳು ಹಿಡಿಯುವ ಜಾಗವಾದ ಸೆಂಟ್ರೋಮಿಯರ್ ಮುಂದೆ, ತೋಳುಗಳು ಹಿಂದೆ ಆಗಿ ಎಳೆಯಲ್ಪಡುವುದರಿಂದ ಅವು ಇಂಗ್ಲಿಷಿನ ವಿ, ಜೆ ಅಕ್ಷರಗಳಂತೆ ಕಾಣುತ್ತವೆ. ಪ್ರತಿ ಕಡೆಗೂ 16 ಹೋಗುತ್ತವೆ.

ಟೀಲೋಫೇಸಿನಲ್ಲಿ ಎರಡು ತುದಿಗಳಲ್ಲಿ ಎರಡು ಗುಂಪು, ನಡುವೆ ಒಂದು ತೆಳು ಗೆರೆ. ಆ ಗೆರೆ ಹೊಸ ಕೋಶಭಿತ್ತಿಯ ಮೊದಲ ರೂಪ, ನಡುವಿನಿಂದ ಅಂಚಿಗೆ ಬೆಳೆಯುತ್ತದೆ. ಪ್ರಾಣಿಕೋಶ ಇದಕ್ಕೆ ತದ್ವಿರುದ್ಧ, ಹೊರಗಿನಿಂದ ಒಳಕ್ಕೆ ಹಿಂಡಿಕೊಳ್ಳುತ್ತದೆ.

ಎರಡು ಗುಂಪುಗಳ ನಡುವೆ ಸೇತುವೆಯಂಥ ಎಳೆ, ಹಿಂದೆ ಉಳಿದ ಒಂಟಿ ವರ್ಣತಂತು, ಪಕ್ಕದಲ್ಲಿ ಪುಟ್ಟ ಹೆಚ್ಚುವರಿ ಕೋಶಕೇಂದ್ರ ಕಂಡರೆ ಅದು ಹಂಚಿಕೆಯಲ್ಲಿ ಆದ ತಪ್ಪು. ನೀರಿನಲ್ಲಿರುವ ವಿಷವಸ್ತುಗಳನ್ನು ಪರೀಕ್ಷಿಸಲು ಈರುಳ್ಳಿ ಬೇರನ್ನು ಬಳಸುವುದು ಇವನ್ನೇ ಎಣಿಸಿ. ಕದಿರು ಕಟ್ಟಿಕೊಳ್ಳದಂತೆ ತಡೆಯುವ ಕಾಲ್ಚಿಸಿನ್ ಈರುಳ್ಳಿ ಬೇರಿನಲ್ಲಿ ಏನು ಮಾಡುತ್ತದೆ ಎಂದು 1938ರಲ್ಲಿ ವಿವರಿಸಿದವರು ಆಲ್ಬರ್ಟ್ ಲೆವಾನ್. ಅದನ್ನೇ ಬಳಸಿ 1956ರಲ್ಲಿ ಜೋ ಹಿನ್ ಜಿಯೋ ಮತ್ತು ಲೆವಾನ್ ಮನುಷ್ಯನ ವರ್ಣತಂತುಗಳು 48 ಅಲ್ಲ, 46 ಎಂದು ಪ್ರಕಟಿಸಿದರು. ಕಾಲ್ಚಿಸಿನ್ ಕಡು ವಿಷ, ಈ ಪ್ರಯೋಗಕ್ಕೆ ಅದರ ಅಗತ್ಯವಿಲ್ಲ.

ಎಣಿಕೆ

ನೋಡಿ ಬಿಟ್ಟರೆ ಅರ್ಧ ಕೆಲಸ ಆದಂತೆ, ಎಣಿಸಬೇಕು. ಬೇರೆ ಬೇರೆ ಬೇರುಗಳ ಸ್ಲೈಡುಗಳಿಂದ ಕನಿಷ್ಠ 500 ಕೋಶಗಳನ್ನು ಎಣಿಸಿ, ಯಾವುದು ಯಾವ ಹಂತದಲ್ಲಿದೆ ಎಂದು ಬರೆಯಿರಿ. ಚೆಂದ ಕಂಡ ಜಾಗವನ್ನಷ್ಟೇ ಆರಿಸಬೇಡಿ, ನೋಟದೊಳಗೆ ಬಂದ ಪ್ರತಿ ಕೋಶವೂ ಲೆಕ್ಕಕ್ಕೆ ಸೇರಬೇಕು. 600 ಕೋಶಗಳಲ್ಲಿ 54 ವಿಭಜನೆಯಲ್ಲಿವೆ ಎಂದಿಟ್ಟುಕೊಳ್ಳಿ, ವಿಭಜನಾ ಸೂಚ್ಯಂಕ ಶೇ 9. ಆ 54ರಲ್ಲಿ 30 ಪ್ರೋಫೇಸ್, 5 ಅನಾಫೇಸ್ ಇದ್ದರೆ, ಪ್ರೋಫೇಸ್ ಅನಾಫೇಸಿಗಿಂತ ಸರಿಸುಮಾರು ಆರು ಪಟ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜಿಸಬಹುದು. ಕೋಶಗಳು ಒಂದರ ಹೆಜ್ಜೆಗೆ ಇನ್ನೊಂದು ಹೆಜ್ಜೆ ಹಾಕದೆ ತಮ್ಮ ತಮ್ಮ ಪಾಡಿಗೆ ವಿಭಜಿಸುತ್ತಿದ್ದರೆ ಮಾತ್ರ ಈ ಲೆಕ್ಕ ಸರಿ.

ವಿಭಜನೆಯೇ ಕಾಣದಿದ್ದರೆ ಮೊದಲು ಬೇರನ್ನು ಅನುಮಾನಿಸಿ: ಬೆಳವಣಿಗೆ ನಿಂತ ಬೇರು, ಮುರಿದ ತುದಿ, ಚಳಿಗೆ ಮಂಕಾದ ಗಡ್ಡೆ. ಕೋಶಗಳು ಪದರ ಪದರವಾಗಿದ್ದರೆ ಆಮ್ಲದ ಹೊತ್ತು ಸಾಲದು. ಎಲ್ಲವೂ ಒಂದೇ ಕೆಂಪಾಗಿದ್ದರೆ ಸ್ಲಿಪ್ಪಿನ ಒಂದು ಅಂಚಿಗೆ ಶೇ 45ರ ಅಸಿಟಿಕ್ ಆಮ್ಲದ ಹನಿ ಇಟ್ಟು, ಎದುರು ಅಂಚಿನಲ್ಲಿ ಫಿಲ್ಟರ್ ಪೇಪರಿನಿಂದ ಹೀರಿ. ಕೋಶದ್ರವ್ಯದ ಬಣ್ಣ ಹೋಗಿ ವರ್ಣತಂತುಗಳದ್ದು ಉಳಿಯುತ್ತದೆ. ಒಳ್ಳೆಯ ಸ್ಲೈಡು ಸಿಕ್ಕರೆ ಅಂಚುಗಳಿಗೆ ಉಗುರು ಬಣ್ಣ ಬಳಿಯಿರಿ, ಕೆಲವು ದಿನ ಒಣಗದೆ ಉಳಿಯುತ್ತದೆ.

ತಲೆಮಾರಿನಿಂದ ತಲೆಮಾರಿಗೆ ವರ್ಣತಂತುಗಳು ಅರ್ಧಕ್ಕಿಳಿದು ಸಾಗುವ ಮಿಯಾಸಿಸ್ ಬೇರಿನಲ್ಲಿ ಸಿಗುವುದಿಲ್ಲ. ಅದಕ್ಕೆ ಅರಳದ, ಚಿಕ್ಕ ಈರುಳ್ಳಿ ಮೊಗ್ಗಿನ ಪರಾಗಕೋಶ ಬೇಕು. ಸ್ಥಿರೀಕರಣವೂ ಬಣ್ಣವೂ ಇವೇ, ಬಿಸಿ ಆಮ್ಲ ಮಾತ್ರ ಬೇಡ. ಒಂದೇ ಗೊಂಚಲಿನ ಬೇರೆ ಬೇರೆ ಗಾತ್ರದ ಮೊಗ್ಗುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಹೋಗಿ. ಸರಿಯಾದ ಗಾತ್ರ ಸಿಕ್ಕಾಗ 16 ಬಿಡಿ ವರ್ಣತಂತುಗಳ ಬದಲು 8 ಜೋಡಿಗಳು ನಡುಮಟ್ಟದಲ್ಲಿ ನಿಂತಿರುವುದು ಕಾಣುತ್ತದೆ.